ಹನ್ನೆರಡನೆಯದು

ಅವಳ ಹೆಸರು ಔಶ್ರಾ. ನನ್ನ ನಾಲಿಗೆಗೆ ಹತ್ತಲಿಲ್ಲ.
ಅರ್ಥ ಏನವ್ವಾ ಅಂದೆ.
ನಸುಕು, ಅಂತ ಕಿಟಕಿ ತೋರಿಸಿದಳು.
ಹಂಗಾದ್ರ ಉಷಾ. ಅಂದಿನಿಂದ
ಸದಾಶಿವ ಪೇಠದ ನನ್ನ ಖಾನಾವಳಿಯ ವಹಿಯಲ್ಲಿ
ಉಷಾ, ಲಿಥುವೇನಿಯಾ, ಎರಡು ಹೊತ್ತು, ಖಾರ ಕಮ್ಮಿ.

ಆರು ತಿಂಗಳ ಓದಿಗೆ ಬಂದ ಹುಡುಗಿ.
ಬದಲಿಗೆ ಇಲ್ಲಿಯ ಹುಡುಗನೊಬ್ಬ ಅಲ್ಲಿಗೆ ಹೋಗಿದ್ದಾನಂತೆ,
ಹಿಮದಲ್ಲಿ ಕೂತು ಮನೆಗೆ ಫೋನು ಹಚ್ಚಿ
ಭಾಕರಿ ಭಾಕರಿ ಅಂತಾನಂತೆ.

ಡಿಸೆಂಬರಿನಲ್ಲಿ ಅವ್ವ ಬಂದಳು, ತಮ್ಮ ಬಂದ.
ಅವ್ವನ ಹೆಸರು ದಾನುತೆ. ಇದು ನನಗೆ ಸಲೀಸು,
ಗುಡ್ಡಾಪುರದ ದಾನವ್ವ ನನ್ನ ತವರಿನ ಕಡೆಯ ದೇವಿ.
ಬಾ ದಾನವ್ವಾ, ಅಂದೆ. ಎರಡೂ ಕೈ ಹಿಡಿದಳು.
ಪುಣೆಯ ಚಳಿಗೆ ನಾನು ಸ್ವೆಟರಿನಲ್ಲಿ,
ಅವಳ ಹುಡುಗ ಬನಿಯನ್ನಿನಲ್ಲಿ ಬೆವರುತ್ತಿದ್ದ.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಅವರಲ್ಲಿ
ಹನ್ನೆರಡು ಪದಾರ್ಥ ಆಗಬೇಕಂತೆ. ಮಾಂಸವಿಲ್ಲ,
ಹಾಲಿಲ್ಲ, ತುಪ್ಪವಿಲ್ಲ, ತತ್ತಿಯಿಲ್ಲ.
ಅದೇನ್ ದೊಡ್ಡದು, ನನ್ನ ಒಲಿ ತಗೋರಿ, ಅಂದೆ.
ಅವರ ಒಣ ಅಣಬೆ, ಬೀಟ್‌ರೂಟು, ಸೇಬಿನ ಹೋಳು,
ನನ್ನ ಎಣ್ಣೆಗಾಯಿ, ಮಡಕಿ ಕಾಳು, ಸಜ್ಜಿ ರೊಟ್ಟಿ,
ಗುರೆಳ್ಳು ಹಿಂಡಿ. ಅದನ್ನು ಎರಡು ಸಲ ಎಣಿಸಿ ಸಿಕ್ಕಿಬಿದ್ದೆ.
ಗಸಗಸೆ ರುಬ್ಬಿದ ನೀರಿನಲ್ಲಿ ನೆನೆಯುವ
ಗೋಲಿಯಷ್ಟು ಬಿಸ್ಕೀಟು.
ರುಬ್ಬಿದವಳು ನಾನು. ದಾನವ್ವ ಬೆರಳದ್ದಿ ನೆಕ್ಕಿ
ತಲೆಯಾಡಿಸಿದಳು, ಇನ್ನೂ ನುಣ್ಣಗೆ.
ಇಪ್ಪತ್ತೆರಡು ವರ್ಷ ಖಾನಾವಳಿ ನಡೆಸಿದವಳಿಗೆ!
ಮತ್ತೆ ರುಬ್ಬಿದೆ.

ಲೆಕ್ಕ ಹನ್ನೊಂದಕ್ಕೆ ನಿಂತಿತು. ಹನ್ನೆರಡನೆಯದು
ಅವಳ ಪೆಟ್ಟಿಗೆಯಲ್ಲಿತ್ತು,
ತಗಡಿನ ಡಬ್ಬಿ, ಮೇಲೆ ನೀಲಿ ಮೀನು.
ಅವರ ಲೆಕ್ಕದಲ್ಲಿ ಮೀನು ಮಾಂಸವಲ್ಲ.
ನನ್ನ ಒಲೆಯ ಎದುರಿಗೇ ದೇವರ ಜಗಲಿ.
ಉಷಾ ಒಮ್ಮೆ ನನ್ನ ನೋಡಿದಳು, ಒಮ್ಮೆ ಅವ್ವನ,
ಯಾವ ಭಾಷೆಯಲ್ಲೂ ಏನೂ ಹೇಳಲಿಲ್ಲ.
ತೆರೀಬ್ಯಾಡ್ರಿ, ಅಂದೆ. ಹಾಂಗೇ ಇಡ್ರಿ.
ಮುಚ್ಚಿದ್ದು ಬರೇ ತಗಡು.

ಚಾದರದ ಅಡಿಗೆ ಹುಲ್ಲು ಹಾಸಬೇಕು ಅಂದರು.
ಪೇಠದಲ್ಲಿ ಹುಲ್ಲೆಲ್ಲಿ? ಕೊನೆಗೆ
ಬೋಹ್ರಿ ಆಳಿಯ ಬಳೆಯಂಗಡಿಯವ
ಪೆಟ್ಟಿಗೆ ಕಟ್ಟುವ ಹುಲ್ಲು ಒಂದು ಚೀಲ ಕೊಟ್ಟ.

ನಾಲ್ಕು ಮಂದಿ ನಾವು, ಐದು ತಾಟು.
ಐದನೆಯದು ಯಾರದು ಅಂದೆ.
ಅಜ್ಜಿಯದು, ಅಂದಳು ಉಷಾ, ದಸರೆಯ ಮುಂದೆ ತೀರಿದಳು.
ದಸರೆಯ ಮುಂದೆ
ಎರಡು ದಿನ ಈ ಹುಡುಗಿ ಉಂಡಿರಲಿಲ್ಲ.
ಹೊಟ್ಟೆ ಸರಿಯಿಲ್ಲ ಅಂದಿದ್ದಳು.
ಪಾನಿಪುರಿ ತಿಂದೀ ಅಂತ ನಾನು ಬೈದಿದ್ದೆ,
ಶುಂಠಿ ಹಾಕಿ ಗಂಜಿ ಕುಡಿಸಿದ್ದೆ.
ಕುಡಿದಿದ್ದಳು, ಲೋಟ ತೊಳೆದೂ ಇಟ್ಟಿದ್ದಳು.

ನಮ್ಮಲ್ಲಿ ಎಡಿ ಇಟ್ಟು, ಬಾಗಿಲು ಮುಂದೆ ಮಾಡಿ
ಹೊರಗೆ ನಿಲ್ಲುತ್ತೇವೆ, ಹೋದವರು ನಾಚದೆ ಉಣ್ಣಲಿ ಅಂತ.
ಇವರು ಜೊತೆಗೇ ಕೂತು ಉಣ್ಣುತ್ತಾರೆ.
ಗಂಡನ ಪಕ್ಕಕ್ಕೆ ಕೂತು ಉಂಡ ನೆನಪು
ಅವರು ಬದುಕಿದ್ದಾಗಿನದೂ ನನಗಿಲ್ಲ.

ಊಟದ ಮೇಲೆ ಒಬ್ಬೊಬ್ಬರು ಚಾದರದಡಿ ಕೈಹಾಕಿ
ಒಂದು ಕಡ್ಡಿ ಎಳೆಯಬೇಕು, ಉದ್ದ ಬಂದರೆ ಉದ್ದ ಆಯುಷ್ಯ.
ದಾನವ್ವನಿಗೆ ಗೇಣುದ್ದ ಬಂತು.
ನನ್ನ ಕೈಗೆ ಬಂದದ್ದು ಹಸಿರು ಬಳೆಯ ಚೂರು.
ಯಾರಿಗೂ ತೋರಿಸದೆ ಸೆರಗಿನ ತುದಿಗೆ ಕಟ್ಟಿದೆ.

ಈ ರಾತ್ರಿ ಪ್ರಾಣಿಗಳು ಮಾತಾಡುತ್ತವೆ ಅಂತ
ಹುಡುಗ ಮಾಂತಾಸ್ ಹನ್ನೆರಡರ ತನಕ
ಮೆಟ್ಟಿಲ ಮೇಲೆ ಬೆಕ್ಕಿನ ಮುಂದೆ ಕೂತ.
ಏನಂತಪ್ಪಾ ಅಂದರೆ ಭುಜ ಹಾರಿಸಿದ.
ಬೆಕ್ಕು ಮರಾಠಿಯದು, ತಿಳಿದಿರಲಿಕ್ಕಿಲ್ಲ.

ಜನವರಿಯಲ್ಲಿ ಉಷಾಳೂ ಹೋದಳು.
ಡಬ್ಬಿ ಮಾತ್ರ ಮಾಡದಲ್ಲಿದೆ, ಶನಿವಾರ ಒರೆಸುತ್ತೇನೆ.
ತೆರೆಯಲಾರೆ, ಒಗೆಯಲಾರೆ.
ಉಣ್ಣಲು ಬಂದ ಹುಡುಗರು ಕೆಣಕುತ್ತಾರೆ,
ಏನ್ರೀ ಮಾವಶಿ, ನಿಮ್ಮ ಮನೆಯಾಗ ಮೀನ?
ನಂದಲ್ಲಪ್ಪಾ, ಅನ್ನುತ್ತೇನೆ,
ಉಷಾನ ಅಜ್ಜೀದು.